ಕಂಪ್ಯೂಟರಿನೊಳಗಿನ ಕಂಪ್ಯೂಟರಿನಲ್ಲಿ ಸಿಕ್ಕ ಹೆಸರು

ಕಳೆದ ವಾರ ಅಂಗಡಿಗೆ ಬಣ್ಣ ಹೊಡೆಸೋಣವೆಂದು ಮೇಜಿನ ಡ್ರಾಯರುಗಳನ್ನೆಲ್ಲ ಖಾಲಿ ಮಾಡುತ್ತಿದ್ದೆ. ಕೊನೆಯ ಡ್ರಾಯರಿನ ಮೂಲೆಯಲ್ಲಿ, ಒಣಗಿ ಕಲ್ಲಾದ ಗೋಂದಿನ ಬಾಟಲಿಯ ಹಿಂದೆ, ಬೆಂಕಿಪೊಟ್ಟಣದಷ್ಟು ಗಾತ್ರದ ಬಿಳಿ ಪ್ಲಾಸ್ಟಿಕ್ ತುಂಡೊಂದು ಸಿಕ್ಕಿತು. ಒಂದು ತುದಿಯಲ್ಲಿ ಸಾಲು ಸೂಜಿಗಳು, ಇನ್ನೊಂದು ತುದಿಯಲ್ಲಿ ಸಾಲು ತೂತುಗಳು. ಬಿಸಾಡಲು ಕೈಯೆತ್ತಿದವಳು ಏನೋ ನೆನಪಾಗಿ ಮೂಗಿನ ಹತ್ತಿರ ಹಿಡಿದೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇಷ್ಟು ವರ್ಷವಾದ ಮೇಲೂ ಅದರಿಂದ ಕೊಬ್ಬರಿ ವಾಸನೆ ಬರುತ್ತಿತ್ತು. ಕೊಬ್ಬರಿ, ಜೊತೆಗೆ ಟೈಪ್‌ರೈಟರಿಗೆ ಬಿಡುವ ಎಣ್ಣೆ… ಈ ಎರಡೂ ಬೆರೆತ ವಾಸನೆ ಇದ್ದದ್ದು ಇಡೀ ತಿಪಟೂರಿನಲ್ಲಿ ಒಂದೇ ಜಾಗದಲ್ಲಿ. ನಮ್ಮ ಮೇಷ್ಟ್ರ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ.

ಅದು ಒಂದು ಕೊಬ್ಬರಿ ಮಂಡಿಯ ಮೇಲಿನ ಉದ್ದನೆಯ ಕೋಣೆ. ಕೆಳಗೆ ಹೆಂಗಸರು ಕುಕ್ಕರುಗಾಲಲ್ಲಿ ಕೂತು ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದರು. ಮೇಲೆ ನಾವು ಹನ್ನೆರಡು ಜನ ಹುಡುಗಿಯರು ಹನ್ನೆರಡು ಟೈಪ್‌ರೈಟರುಗಳ ಮುಂದೆ ಕೂತು ಕುಟ್ಟುತ್ತಿದ್ದೆವು. ಕೆಳಗಿನ ಸದ್ದು ಯಾವುದು, ಮೇಲಿನ ಸದ್ದು ಯಾವುದು ಎಂದು ಬೀದಿಯಲ್ಲಿ ಹೋಗುವವರಿಗೆ ತಿಳಿಯುತ್ತಿರಲಿಲ್ಲವಂತೆ. ಮೇಷ್ಟ್ರಿಗೆ ಮಾತ್ರ ಎಲ್ಲ ಗೊತ್ತಾಗುತ್ತಿತ್ತು. ಬೆನ್ನು ತಿರುಗಿಸಿ ಪೇಪರ್ ಓದುತ್ತಿದ್ದರೂ, ಯಾವ ಮೂಲೆಯಲ್ಲಿ ಯಾರು ತಪ್ಪು ಬೆರಳಲ್ಲಿ ಯಾವ ಕೀಲಿ ಒತ್ತಿದರು ಎಂದು ಕೂಗಿ ಹೇಳುತ್ತಿದ್ದರು.

ಅವರಿಗೊಂದು ವಿಚಿತ್ರ ಅಭ್ಯಾಸವಿತ್ತು. ನಮ್ಮನ್ನು ಯಾರನ್ನೂ ಹೆಸರಿಟ್ಟು ಕರೆಯುತ್ತಿರಲಿಲ್ಲ. ನಿಮಿಷಕ್ಕೆ ಎಷ್ಟು ಪದ ಹೊಡೆಯುತ್ತೀಯೋ ಅದೇ ನಿನ್ನ ಹೆಸರು. ನಾನು ಮೂವತ್ತೆಂಟು. ಜೊತೆಗೆ ಸೇರಿದವರೆಲ್ಲ ನಲವತ್ತು, ನಲವತ್ತೈದು ಆಗಿ ಬಡ್ತಿ ಪಡೆದರೂ ನಾನು ಅಲ್ಲೇ ಉಳಿದೆ. ವೇಗಕ್ಕೇನೂ ಕಮ್ಮಿ ಇರಲಿಲ್ಲ, ಆತುರ ಜಾಸ್ತಿ. ನಲವತ್ತು ಹೊಡೆದರೆ ತಪ್ಪಿಗೆ ಎರಡು ಕಳೆದುಬಿಡುತ್ತಿದ್ದರು. “ನಿಂಗೆ ಬೆರಳಿಗಿಂತ ಮೂಗು ಮುಂದೆ ಓಡ್ತದೆ ಕಣಮ್ಮ ಮೂವತ್ತೆಂಟು,” ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ನಾನು ಅಷ್ಟೇ, ಮೂಗಿನ ತುದಿಯಲ್ಲೇ ಕೋಪ. ಆದರೆ ಅವರ ಮೇಲೆ ಕೋಪ ಬಂದರೆ ಮೆಟ್ಟಿಲು ಇಳಿಯುವವರೆಗೂ ಉಳಿಯುತ್ತಿರಲಿಲ್ಲ.

ಮೇಷ್ಟ್ರು ಊರಿಗೆಲ್ಲ ಮೊದಲು ಕಂಪ್ಯೂಟರ್ ತಂದವರಲ್ಲಿ ಒಬ್ಬರು. ಟೈಪ್‌ರೈಟರುಗಳ ಪಕ್ಕದಲ್ಲಿ ಅದನ್ನೂ ಇಟ್ಟು, ಅವಕ್ಕೆ ಹೊಲಿಸಿದ ಹಾಗೇ ಅದಕ್ಕೂ ಒಂದು ಬಟ್ಟೆಯ ಗವಸು ಹೊಲಿಸಿದರು. ಕನ್ನಡದಲ್ಲಿ ಪತ್ರಿಕೆ, ಕರಪತ್ರ ಜೋಡಿಸುವ ಒಂದು ಸಾಫ್ಟ್‌ವೇರ್ ಹಾಕಿಸಿದರು. ಅದರ ಜೊತೆ ಬಂದದ್ದೇ ಈ ಬಿಳಿ ತುಂಡು. ಇದನ್ನು ನಾವು ಲಾಕ್ ಎನ್ನುತ್ತಿದ್ದೆವು. ಕಂಪ್ಯೂಟರಿನ ಹಿಂದೆ, ಪ್ರಿಂಟರ್ ವೈರು ಸೇರುವ ಜಾಗದಲ್ಲಿ ಇದನ್ನು ಸಿಕ್ಕಿಸಿ, ಇದರ ಬೆನ್ನಿಗೆ ಪ್ರಿಂಟರ್ ಹಾಕಬೇಕು. ಇದಿಲ್ಲದಿದ್ದರೆ ಆ ಸಾಫ್ಟ್‌ವೇರ್ ಜಪ್ಪಯ್ಯ ಅಂದರೂ ತೆರೆಯುತ್ತಿರಲಿಲ್ಲ.

ಆ ಕೆಲಸವನ್ನು ಮೇಷ್ಟ್ರು ಮೊದಲು ಹೇಳಿಕೊಟ್ಟದ್ದು ನನಗೆ. ನಾನು ಜೋಡಿಸಿದ ಮೊದಲ ಲಗ್ನಪತ್ರಿಕೆ ನನ್ನದೇ ಮದುವೆಯದು. ಆಗ ತೊಂಬತ್ತೆಂಟನೇ ಇಸವಿ. ಹೆಮ್ಮೆಯೆಂದರೆ ಅಷ್ಟಿಷ್ಟಲ್ಲ, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ನಮ್ಮ ಕಡೆ ಲಗ್ನಪತ್ರಿಕೆ ಕೈಗೆ ಬಂದರೆ ಯಾರೂ ಮೊದಲು ಮುಹೂರ್ತ ನೋಡುವುದಿಲ್ಲ. ಕಣ್ಣು ಸೀದಾ ಹೋಗುವುದು ಕೆಳಗಿನ ಹೆಸರಿನ ಪಟ್ಟಿಗೆ. ನನ್ನ ಹೆಸರು ಉಂಟೋ, ಇದ್ದರೆ ಯಾರ ಮೇಲಿದೆ, ಯಾರ ಕೆಳಗಿದೆ, ನಮ್ಮ ಮನೆಯಾಕೆಯದು ಬಿಟ್ಟಿದ್ದಾರೋ, ‘ಮತ್ತು ಮಕ್ಕಳು’ ಎಂದು ಹಾಕಿದ್ದಾರೋ… ಇದೆಲ್ಲ ಸರಿಯಿದ್ದರೆ ಊಟ ರುಚಿಯಾಗಿರುತ್ತದೆ. ಇಲ್ಲದಿದ್ದರೆ ಹೋಳಿಗೆಯೂ ಕಹಿ. ಹೆಸರು ಬಿಟ್ಟುಹೋಗಿ ಕೊಟ್ಟು ತರುವ ಸಂಬಂಧ ನಿಂತ ಮನೆಗಳು ನನ್ನ ತವರು ತುರುವೇಕೆರೆ ಸೀಮೆಯಲ್ಲಿ ಎಷ್ಟು ಬೇಕು ನಿಮಗೆ?

ನನ್ನ ಮದುವೆಯ ಪತ್ರಿಕೆ ಅಚ್ಚಾಗಿ ಬಂತು. ಊರೂರಿಗೆ ಹಂಚಿ ಆಯಿತು. ಆಮೇಲೆ ನೋಡಿದರೆ, ಅಪ್ಪನ ಒಬ್ಬನೇ ತಮ್ಮ, ನನ್ನ ಚಿಕ್ಕಪ್ಪನ ಹೆಸರೇ ಇರಲಿಲ್ಲ! ಅತ್ತೆಯರು, ಅವರ ಮನೆಯವರು, ದಾಯಾದಿಗಳು ಎಲ್ಲರೂ ಇದ್ದರು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದಬ್ಬೇಘಟ್ಟದ ಸಂತೆ ತೋರಿಸಿದ ಚಿಕ್ಕಪ್ಪ ಮಾತ್ರ ಇರಲಿಲ್ಲ. ಅಪ್ಪ ಹೋಗಿ ಕೈ ಮುಗಿದರೂ ಚಿಕ್ಕಪ್ಪ ಮದುವೆಗೆ ಬರಲಿಲ್ಲ. “ಮಗಳೇ ಕೂತು ಮಾಡಿದ್ ಪತ್ರಿಕೆ. ಬೇರೆಯೋರು ಮರ್ತ್ರೆ ಮರುವು ಅನ್ಬೋದು. ಅವ್ಳೇ ಮರ್ತ್ಲು ಅಂದ್ರೆ ನಾನಿಲ್ಲ ಅಂತ್ಲೇ ಲೆಕ್ಕ ಬುಡು,” ಎಂದು ಹೇಳಿ ಕಳಿಸಿದರು.

ನಾನು ಏನೆಂದು ಹೇಳಲಿ? ನನಗೇ ಗೊತ್ತಿರಲಿಲ್ಲ ಹೇಗೆ ಬಿಟ್ಟುಹೋಯಿತೆಂದು. ಟೈಪ್ ಮಾಡಿದ್ದೆ ಎಂದು ಒಂದು ಮನಸ್ಸು ಹೇಳುತ್ತಿತ್ತು. ಮಾಡಿದ್ದರೆ ಎಲ್ಲಿ ಹೋಯಿತು ಎಂದು ಇನ್ನೊಂದು ಕೇಳುತ್ತಿತ್ತು. ಎಂಟು ವರ್ಷ ಅಪ್ಪನ ತೋಟ ಬೇಲಿಯ ಈಚೆ, ಚಿಕ್ಕಪ್ಪನ ತೋಟ ಆಚೆ. ಈಚೆಯ ತೆಂಗಿನ ಮಡ್ಲು ಬೇಲಿಯಾಚೆ ಬಿದ್ದರೂ ಯಾರೂ ಎತ್ತುತ್ತಿರಲಿಲ್ಲ, ಅಲ್ಲೇ ಒಣಗುತ್ತಿತ್ತು. ತವರಿಗೆ ಹೋದಾಗಲೆಲ್ಲ ಆ ಒಣ ಗರಿ ಕಣ್ಣಿಗೆ ಬೀಳುತ್ತಿತ್ತು. ಎಲ್ಲಾ ನನ್ನ ಹತ್ತು ಬೆರಳಿನಿಂದ ಆದದ್ದು.

ಅಷ್ಟು ಹೊತ್ತಿಗೆ ನಾನು ತಿಪಟೂರಿನಲ್ಲೇ ಡಿಟಿಪಿ ಅಂಗಡಿ ಇಟ್ಟಿದ್ದೆ. ಮೇಷ್ಟ್ರು ತಮ್ಮ ಆ ಕಂಪ್ಯೂಟರನ್ನು, ಲಾಕ್ ಸಮೇತ, ನನಗೇ ಕೊಟ್ಟುಬಿಟ್ಟಿದ್ದರು. ಅದರಲ್ಲಿ ನನ್ನ ಮದುವೆ ಪತ್ರಿಕೆಯ ಫೈಲೂ ಇತ್ತು. ಒಂದು ದಿನವೂ ನಾನದನ್ನು ತೆರೆಯಲಿಲ್ಲ. ಧೈರ್ಯ ಬರಲಿಲ್ಲ ಅಷ್ಟೇ.

ಎಂಟು ವರ್ಷದ ಮೇಲೆ ನನ್ನ ತಂಗಿಯ ಮದುವೆ ಗೊತ್ತಾಯಿತು. ಅಪ್ಪ ಈ ಸಲ ಗಟ್ಟಿ ಮನಸ್ಸು ಮಾಡಿ ತಾವೇ ಬೇಲಿ ದಾಟಿದರು. ಚಿಕ್ಕಪ್ಪ ಒಂದು ದಿನ ಮಾತಾಡಲಿಲ್ಲ, ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಕಾಫಿ ಕೊಟ್ಟರು. ಕೊನೆಗೆ ಒಂದು ಮಾತು ಹೇಳಿದರು. ಪತ್ರಿಕೆಯನ್ನು ತಾನೇ ಕಣ್ಣಾರೆ ನೋಡಬೇಕು, ಹೆಸರುಗಳ ಸಾಲನ್ನು ತಾನೂ ಕೂತು ಹಾಕಿಸಬೇಕು. ಆಗಲಿ ಎಂದೆವು. ಮೂರು ಭಾನುವಾರ ನನ್ನ ಅಂಗಡಿಯಲ್ಲಿ ಅಪ್ಪ ಒಂದು ಸ್ಟೂಲಿನ ಮೇಲೆ, ಚಿಕ್ಕಪ್ಪ ಒಂದು ಸ್ಟೂಲಿನ ಮೇಲೆ. ಯಾರನ್ನು ಎಲ್ಲಿ ಹಾಕಬೇಕು ಎಂಬುದಕ್ಕೆ ಅವರಿಬ್ಬರೂ ಹೂಡಿದ ವಾದವನ್ನು ನೆನೆದರೆ ಈಗಲೂ ನಗು ಬರುತ್ತದೆ. ನೂರಾ ಮೂವತ್ತು ಚಿಲ್ಲರೆ ಹೆಸರು! ನಡುನಡುವೆ ಚಿಕ್ಕವರಿದ್ದಾಗಿನ ಮಾತು ಬಂದು, ಇಬ್ಬರೂ ನಕ್ಕು, ನಕ್ಕದ್ದಕ್ಕೆ ತಾವೇ ನಾಚಿ ಸುಮ್ಮನಾಗುತ್ತಿದ್ದರು.

ಕೊನೆಯ ಭಾನುವಾರ ಒಂದು ಪ್ರತಿ ಪ್ರಿಂಟ್ ತೆಗೆದುಕೊಟ್ಟೆ. ಚಿಕ್ಕಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, “ಶನಿವಾರ ಕೊಬ್ಬರಿ ತಗೊಂಡು ಮಾರ್ಕೆಟ್ಟಿಗೆ ಬತ್ತೀನಿ ಕಣವ್ವ. ಅಚ್ಚಿಗೆ ಕಳ್ಸಾಕೆ ಮುಂಚೆ ಇನ್ನೊಂದ್ ದಪ ಕಂಪ್ಯೂಟ್ರಲ್ಲಿ ತೋರ್ಸು. ಒಂದಕ್ಸರ ಅತ್ಲಾಗಿತ್ಲಾಗ್ ಆಗಿದ್ರೂ ನಾನು ಮದ್ವೆ ತಾವ್ಕೆ ಬರಾಕಿಲ್ಲ, ಈಗ್ಲೇ ಹೇಳೀವ್ನಿ,” ಎಂದು ಹೋದರು.

ಗುರುವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಕಂಪ್ಯೂಟರಿನ ಗುಂಡಿ ಒತ್ತಿದೆ. ಉಸಿರಿಲ್ಲ. ರಿಪೇರಿಯವನು ಬಂದು ಬಿಚ್ಚಿ ನೋಡಿ, ಮದರ್‌ಬೋರ್ಡ್ ಸುಟ್ಟಿದೆ, ಈ ಕಾಲದಲ್ಲಿ ಇಂಥದ್ದು ಎಲ್ಲೂ ಸಿಗಲ್ಲ, ಡಿಸ್ಕ್ ಮಾತ್ರ ಚೆನ್ನಾಗಿದೆ ಎಂದ. ಡಿಸ್ಕನ್ನು ತನ್ನ ಹೊಸ ಕಂಪ್ಯೂಟರಿಗೆ ಹಾಕಿದ. ಫೈಲು ಇತ್ತು. ತೆರೆದರೆ ಕನ್ನಡದ ಬದಲು ಡಾಲರ್ ಗುರುತು, ಸೊನ್ನೆ, ಬಾಲ, ಕೊಕ್ಕೆ. ಅದನ್ನು ಓದಬಲ್ಲ ಸಾಫ್ಟ್‌ವೇರ್ ಹಳೆಯ ವಿಂಡೋಸ್ ತೊಂಬತ್ತೆಂಟರಲ್ಲಿ ಮಾತ್ರ ಓಡುತ್ತಿತ್ತು. ಎಲ್ಲರ ಹತ್ತಿರ ಇದ್ದದ್ದು ಹೊಸ ಎಕ್ಸ್‌ಪಿ. ಸಾಫ್ಟ್‌ವೇರ್ ಮಾಡಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು.

ಚಿಕ್ಕಪ್ಪನ ಜೇಬಿನಲ್ಲಿರುವ ಪ್ರತಿ ಕೇಳಿ ತಂದು ಮತ್ತೆ ಟೈಪ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಕೇಳುವ ಮುಖ ಎಲ್ಲಿತ್ತು? ‘ಚಿಕ್ಕಪ್ಪ, ನಿನ್ನ ಹೆಸರು ಮತ್ತೆ ಕಳೆದುಹೋಯಿತು, ಕೊಡು’ ಎಂದು ನಾನು ಹೇಳಬೇಕಿತ್ತು. ನೆನಪಿನಿಂದ ಬರೆಯೋಣವೆಂದು ಕೂತೆ. ಮೂವತ್ತು ಹೆಸರಿಗೆ ನಿಂತುಹೋಯಿತು. ಲಾಕನ್ನೂ ಡಿಸ್ಕನ್ನೂ ಸೆರಗಿನಲ್ಲಿ ಸುತ್ತಿಕೊಂಡು ಮೇಷ್ಟ್ರ ಮೆಟ್ಟಿಲು ಹತ್ತಿದವಳೇ ಗೊಳೋ ಎಂದು ಅತ್ತುಬಿಟ್ಟೆ.

ಮೇಷ್ಟ್ರು ಪೂರ್ತಿ ಕೇಳಿ, “ಅಳೋದು ಆಮೇಲೆ ಅಳುವಂತೆ ಕಣಮ್ಮ ಮೂವತ್ತೆಂಟು. ಡಿಸ್ಕ್ ಒದ್ದೆ ಆಗ್ತದೆ, ಇಲ್ಲಿ ಕೊಡು,” ಎಂದರು.

ಅವರ ಬೀರುವಿನ ಮೇಲೆ ತುಕ್ಕು ಹಿಡಿದ ಬಿಸ್ಕತ್ ಡಬ್ಬಿಯೊಂದಿತ್ತು. ಅದರ ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ‘ಬೀಜದ ಕಾಯಿ’ ಎಂದು ಬರೆದಿತ್ತು. ತೋಟದವರಿಗೆ ಹೇಳಬೇಕಾಗಿಲ್ಲ. ಒಳ್ಳೆ ಮರದ ಕಾಯಿ ಆರಿಸಿ ಸಸಿ ಮಾಡಲು ತೆಗೆದಿಟ್ಟರೆ, ಮನೆಗೆ ನೆಂಟರು ಬಂದು ಸಾರಿಗೆ ಕಾಯಿಲ್ಲದಿದ್ದರೂ ಅದನ್ನು ಮುಟ್ಟುವಂತಿಲ್ಲ. ಮೇಷ್ಟ್ರು ಹಾಗೆ ತೆಗೆದಿಟ್ಟದ್ದು ಫ್ಲಾಪಿ, ಸಿಡಿಗಳನ್ನು. ತಾವು ಕೊಂಡ ಪ್ರತಿಯೊಂದು ಸಾಫ್ಟ್‌ವೇರಿನ ಮೂಲ ಪ್ರತಿ ಅದರಲ್ಲಿತ್ತು. ವಿಂಡೋಸ್ ತೊಂಬತ್ತೆಂಟರ ಸಿಡಿಯೂ ಇತ್ತು, ನಮ್ಮ ಕನ್ನಡ ಸಾಫ್ಟ್‌ವೇರಿನದೂ ಇತ್ತು. “ನೋಡಿದ್ಯಾ?” ಎಂದು ಡಬ್ಬಿ ತಟ್ಟಿದರು. ನನಗೆ ಅರ್ಧ ಜೀವ ಬಂತು.

“ಹಾಗಾದ್ರೆ ನಿಮ್ಮ ಕಂಪ್ಯೂಟರಲ್ಲಿರೋ ಎಕ್ಸ್‌ಪಿ ತೆಗೆದು ಹಳೇದು ಹಾಕ್ತೀರಾ ಸಾರ್?” ಎಂದೆ.

“ಯಾಕೆ ತೆಗೀಬೇಕು? ಅದರ ಪಾಡಿಗೆ ಅದು ಇರ್ಲಿ. ಅದರೊಳಗೇ ಇದನ್ನೂ ಓಡಿಸೋಣ.”

ನನಗೆ ತಲೆಬುಡ ಅರ್ಥವಾಗಲಿಲ್ಲ. ಆಗ ಅವರು ಕಿಟಕಿಯಿಂದ ಬಗ್ಗಿ ಕೆಳಗಿನ ಹೆಂಗಸರನ್ನು ಕೂಗಿ, ಒಡೆಯದ ಒಂದು ಕಾಯಿ ಕೇಳಿ ತರಿಸಿದರು. ಒಂದು ವರ್ಷ ಅಟ್ಟದಲ್ಲಿ ಕೂತು ಒಳಗೇ ಕೊಬ್ಬರಿಯಾದ ಕಾಯಿ. ಅದನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗುಡುಗುಡು ಎಂದಿತು. “ಕೊಬ್ಬರಿ ಚಿಪ್ಪಿನಿಂದ ಬಿಟ್ಕೊಂಡಿದೆ. ಚಿಪ್ಪಿನೊಳಗೇ ಇದೆ, ಆದ್ರೆ ಚಿಪ್ಪಿಗೆ ಅಂಟಿಲ್ಲ. ಹಂಗೇ ಇದು. ಹೊರಗಡೆ ಎಕ್ಸ್‌ಪಿ. ಅದರೊಳಗೆ ತೊಂಬತ್ತೆಂಟು, ತಾನೇ ಒಂದು ಕಂಪ್ಯೂಟರ್ ಅಂದ್ಕೊಂಡು ಬೇರೆಯಾಗಿ ಓಡ್ತದೆ. ಒಳಗಿಂದು ಕೆಟ್ಟರೂ ಹೊರಗಿನದಕ್ಕೆ ಏನಾಗಲ್ಲ. ಇದನ್ನ ವರ್ಚುವಲ್ ಮಷೀನ್ ಅಂತಾರೆ,” ಎಂದರು. ಹಾಗೆ ಮಾಡುವ ಸಾಫ್ಟ್‌ವೇರ್ ಅವರಿಗೆ ಒಂದು ಕಂಪ್ಯೂಟರ್ ಮಾಸಪತ್ರಿಕೆಯ ಜೊತೆ ಬಂದ ಸಿಡಿಯಲ್ಲಿ ಸಿಕ್ಕಿತ್ತಂತೆ. ಅರವತ್ತು ದಾಟಿದ ಮನುಷ್ಯ, ಯಾರೂ ಕೇಳದಿದ್ದರೂ, ಸುಮ್ಮನೆ ಕಲಿತಿಟ್ಟುಕೊಂಡಿದ್ದರು.

ಶುಕ್ರವಾರ ಬೆಳಿಗ್ಗೆ ಶುರುಮಾಡಿದೆವು. ಎಕ್ಸ್‌ಪಿಯ ಹಸಿರು ಗುಡ್ಡದ ಚಿತ್ರದ ನಡುವೆ ಒಂದು ಕಪ್ಪು ಚೌಕ ಮೂಡಿತು. ಆ ಚೌಕದೊಳಗೆ, ಆಗತಾನೆ ಕೊಂಡ ಕಂಪ್ಯೂಟರಿನ ಹಾಗೆ, ಮೆಮೊರಿ ಎಣಿಸುವ ಬಿಳಿ ಅಕ್ಷರ ಬಂತು. ಆಮೇಲೆ ತೊಂಬತ್ತೆಂಟನ್ನು ಅದರೊಳಗೆ ತುಂಬುವುದಕ್ಕೆ ಹಿಡಿದ ಹೊತ್ತು ದೇವರಿಗೇ ಪ್ರೀತಿ. ಮೇಷ್ಟ್ರ ಕಂಪ್ಯೂಟರು ಎರಡು ಸಂಸಾರ ಸಾಕುವಷ್ಟು ಬಲಶಾಲಿಯಾಗಿರಲಿಲ್ಲ, ಏದುಸಿರು ಬಿಡುತ್ತಿತ್ತು. ಮೌಸಿನ ಬಾಣ ಒಂದು ಸಲ ಒಳಗೆ ಹೋದರೆ ಹೊರಗೆ ಬರುತ್ತಲೇ ಇರಲಿಲ್ಲ. ಎರಡು ಕೀಲಿ ಒಟ್ಟಿಗೆ ಒತ್ತಿ ಅದನ್ನು ಬಿಡಿಸಬೇಕಿತ್ತು. ನಾನು ಪ್ರತಿ ಸಲವೂ ಮರೆತು, ಬಾಣ ಸತ್ತುಹೋಯಿತು ಎಂದು ಕಿರುಚುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಆ ಪುಟ್ಟ ಚೌಕದೊಳಗೆ ಮೋಡ ತುಂಬಿದ ನೀಲಿ ಆಕಾಶ ಬಂತು, ಹಿಂದಿನ ಆ ಸಂಗೀತ ಕೇಳಿಸಿತು. ಸತ್ತ ನನ್ನ ಕಂಪ್ಯೂಟರು ಇನ್ನೊಬ್ಬರ ಮನೆಯೊಳಗಿಂದ ಕೂಗಿದ ಹಾಗಾಯಿತು.

ಹಳೆಯ ಡಿಸ್ಕಿನ ಫೈಲುಗಳನ್ನೆಲ್ಲ ಮೇಷ್ಟ್ರು ಒಂದು ಸಿಡಿಗೆ ಇಳಿಸಿ ಒಳಗಿನದಕ್ಕೆ ಸಾಗಿಸಿದರು. ಕನ್ನಡ ಸಾಫ್ಟ್‌ವೇರ್ ಹಾಕಿದರು. ಲಾಕನ್ನು ಕಂಪ್ಯೂಟರಿನ ಹಿಂದೆ ಸಿಕ್ಕಿಸಿ, ತೆರೆದರೆ… ಲಾಕ್ ಸಿಕ್ಕಿಲ್ಲ ಎಂದಿತು. ಬಿಚ್ಚಿ ಒರೆಸಿ ಮತ್ತೆ ಹಾಕಿದೆವು. ಸಿಕ್ಕಿಲ್ಲ. ಸೂಜಿಗಳನ್ನು ಬೆಂಕಿಕಡ್ಡಿಯಲ್ಲಿ ಕೆರೆದೆವು. ಸಿಕ್ಕಿಲ್ಲ. ಕತ್ತಲಾಗುವ ಹೊತ್ತಿಗೆ ಮೇಷ್ಟ್ರು, “ನಾಳೆ ಬಾ,” ಎಂದು ಗವಸು ಮುಚ್ಚಿಬಿಟ್ಟರು.

ಶನಿವಾರ ಬೆಳಿಗ್ಗೆ ಹೋದರೂ ಅದೇ ಹಾಡು. ಹತ್ತು ಗಂಟೆಯ ಸುಮಾರಿಗೆ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿತು. ನನಗೆ ಗೊತ್ತಾಗಿಹೋಯಿತು. ಅಂಗಡಿ ಮುಚ್ಚಿರುವುದು ನೋಡಿ, ಪಕ್ಕದವರನ್ನು ಕೇಳಿ, ಚಿಕ್ಕಪ್ಪ ಇಲ್ಲಿಗೇ ಬಂದಿದ್ದರು. ಹೆಗಲ ಮೇಲೆ ಟವೆಲು, ಮೈತುಂಬ ಕೊಬ್ಬರಿ ದೂಳು.

“ಏನವ್ವಾ, ಅಂಗ್ಡಿ ಬಾಗ್ಲಾಕಿದ್ದೀಯಾ?”

ಸುಳ್ಳು ಹೇಳೋಣವೆಂದುಕೊಂಡೆ. ಬಾಯಿ ಬರಲಿಲ್ಲ. “ಕಂಪ್ಯೂಟರ್ ಸುಟ್ಟೋಯ್ತು ಚಿಕ್ಕಪ್ಪ. ಪತ್ರಿಕೆ ಅದರಲ್ಲಿತ್ತು,” ಎಂದೆ.

ಚಿಕ್ಕಪ್ಪ ನನ್ನ ಮುಖ ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. “ಮತ್ತೆ ಹೋಯ್ತಾ ನನ್ನೆಸ್ರು?” ಎಂದು ಮೆತ್ತಗೆ ಕೇಳಿದರು. ಆಮೇಲೆ, “ಆಯ್ತು ಬುಡವ್ವ. ದೇವ್ರಿಗೂ ಇಷ್ಟಿಲ್ಲ ಅಂತ ಕಾಣ್ತದೆ,” ಎಂದು ಬಾಗಿಲ ಕಡೆ ತಿರುಗಿದರು. ಇನ್ನು ಅವರು ಆ ಮೆಟ್ಟಿಲು ಇಳಿದರೆ ಅಪ್ಪ ಎಷ್ಟು ಸಲ ಬೇಲಿ ದಾಟಿದರೂ ಪ್ರಯೋಜನವಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

“ಗೌಡ್ರೇ, ಹತ್ತು ನಿಮಿಷ ಕೂತ್ಕಳಿ,” ಎಂದರು ಮೇಷ್ಟ್ರು, ಪರದೆಯಿಂದ ಕಣ್ಣು ತೆಗೆಯದೆ. “ಕೊಬ್ಬರಿ ಆಗಕ್ಕೆ ಒಂದು ವರ್ಷ ಕಾಯೋ ಜನ ನೀವು. ಹತ್ತು ನಿಮಿಷ ಹೆಚ್ಚೇ?”

ಚಿಕ್ಕಪ್ಪ ಕೂತರು. ಅವರ ಕಣ್ಣಿಗೆ ಪರದೆಯೊಳಗಿನ ಚೌಕ ಬಿತ್ತು. “ಇದೇನ್ರೀ ಮೇಷ್ಟ್ರೇ, ಟೀವಿಯೊಳ್ಗೊಂದು ಟೀವಿ ಇಟ್ಟಿದ್ದೀರಾ?” ಎಂದರು. ಮೇಜಿನ ಮೇಲೆ ಇನ್ನೂ ಇದ್ದ ಆ ಕಾಯಿಯನ್ನು ಮೇಷ್ಟ್ರು ಅವರ ಕೈಗೆ ಕೊಟ್ಟು, ನನಗೆ ಹೇಳಿದ್ದನ್ನೇ ಹೇಳಿದರು. ಚಿಕ್ಕಪ್ಪ ಕಾಯಿಯನ್ನು ಅಲ್ಲಾಡಿಸಿ, ಉಗುರಲ್ಲಿ ಚಿಪ್ಪು ತಟ್ಟಿ, ಕಸುಬುದಾರರ ಹಾಗೆ ತಲೆಯಾಡಿಸಿದರು. “ಹಂಗಾದ್ರೆ ಒಳಗಿರೋ ಕೊಬ್ರಿಗೆ ಹೊರ್ಗೇನೈತೆ ಅಂತ ಹೆಂಗ್ ಗೊತ್ತಾದೀತು? ಚಿಪ್ಪಿಗೆ ತೂತಿದ್ರಲ್ವೇ?”

ಮೇಷ್ಟ್ರು ತಮ್ಮ ಹಣೆ ತಾವೇ ಚಚ್ಚಿಕೊಂಡರು. “ಅಯ್ಯೋ ನನ್ನ ಬುದ್ಧಿಗಿಷ್ಟು! ಹಿಂದೆ ಪ್ರಿಂಟರ್ ಜಾಗ ಇದೆ ಅಂತ ಒಳಗಿನದಕ್ಕೆ ಗೊತ್ತೇ ಇಲ್ಲ ಕಣಮ್ಮ. ನಾವು ತೂತೇ ಕೊಟ್ಟಿಲ್ಲ!” ಒಳಗಿನದನ್ನು ನಿಲ್ಲಿಸಿದರು. ಅದರ ಸೆಟ್ಟಿಂಗಿಗೆ ಹೋಗಿ, ಹೊರಗಿನ ಪ್ರಿಂಟರ್ ಪೋರ್ಟನ್ನು ಒಳಗಿನದಕ್ಕೂ ಕಾಣುವ ಹಾಗೆ ಸೇರಿಸಿ, ಮತ್ತೆ ಶುರು ಮಾಡಿದರು. ಮೋಡ ಬಂತು. ಸಂಗೀತ ಬಂತು. ಕನ್ನಡ ಸಾಫ್ಟ್‌ವೇರ್ ಒತ್ತಿದರು. ತೆರೆದುಕೊಂಡಿತು!

ನಾನು ಕೂಗಿದ ಕೂಗಿಗೆ ಕೆಳಗೆ ಚಿಪ್ಪು ಒಡೆಯುವ ಸದ್ದು ನಿಂತಿತು.

ತಂಗಿಯ ಪತ್ರಿಕೆ ಪರದೆಯ ಮೇಲೆ ನಿಂತಿತ್ತು, ದುಂಡುದುಂಡಾದ ಕನ್ನಡ ಅಕ್ಷರಗಳಲ್ಲಿ. ಚಿಕ್ಕಪ್ಪ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು, ಒಂದು ಬೆರಳು ಹಾಳೆಯ ಮೇಲೆ, ಒಂದು ಬೆರಳು ಪರದೆಯ ಮೇಲೆ ಇಟ್ಟು, ನೂರಾ ಮೂವತ್ತು ಚಿಲ್ಲರೆ ಹೆಸರನ್ನೂ ಓದಿದರು. “ಸರ್ಯಾಗೈತೆ,” ಎಂದರು ಕೊನೆಗೆ. ಅಬ್ಬ! ಎದೆಯ ಮೇಲಿನ ಕಲ್ಲು ಇಳಿದು, ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅಲ್ಲಿಗೆ ಮುಗಿಯಬೇಕಿತ್ತು. ಮೇಷ್ಟ್ರು ಬಿಡಲಿಲ್ಲ. “ಇಷ್ಟು ಕಷ್ಟಪಟ್ಟು ಬಾಗಿಲು ತೆಗೆದಿದ್ದೀವಿ. ಇನ್ನೊಂದನ್ನೂ ನೋಡೇಬಿಡೋಣ ಗೌಡ್ರೇ,” ಎಂದು ನನ್ನ ಮದುವೆಯ ಫೈಲನ್ನು ಹುಡುಕಿ ತೆರೆದರು.

ಬೇಡ ಸಾರ್ ಎಂದು ಹೇಳಲು ಎದ್ದೆ, ಅಷ್ಟರಲ್ಲಿ ಅದು ತೆರೆದಿತ್ತು. ಎಂಟು ವರ್ಷದ ಹಿಂದಿನ ನನ್ನ ಪತ್ರಿಕೆ. ಮೇಲೆ ದೊಡ್ಡದಾಗಿ ರಂಗನಾಥಸ್ವಾಮಿ, ಕೆಳಗೆ ಹೆಸರುಗಳು. ಚಿಕ್ಕಪ್ಪನ ಹೆಸರಿಲ್ಲ. ಚಿಕ್ಕಪ್ಪ ಮುಖ ತಿರುಗಿಸಿಕೊಂಡರು. ಮೇಷ್ಟ್ರು ಹೆಸರುಗಳ ಸುತ್ತ ಇದ್ದ ಚೌಕಟ್ಟಿನ ಕೆಳ ಅಂಚನ್ನು ಮೌಸಿನಲ್ಲಿ ಹಿಡಿದು, ನಿಧಾನವಾಗಿ ಕೆಳಕ್ಕೆ ಎಳೆದರು.

ಒಂದು ಸಾಲು ಹೊರಗೆ ಬಂತು. ಶ್ರೀಮತಿ ಮತ್ತು ಶ್ರೀ ಎಂದು ಶುರುವಾಗಿ, ಚಿಕ್ಕಮ್ಮನ ಹೆಸರು, ಚಿಕ್ಕಪ್ಪನ ಹೆಸರು, ಮತ್ತು ಮಕ್ಕಳು, ದಬ್ಬೇಘಟ್ಟ.

ಚಿಕ್ಕಪ್ಪ ಎದ್ದು ಪರದೆಯ ಹತ್ತಿರ ಬಂದರು. “ಇದು ಈಗ ಬರ್ದಿದ್ದಲ್ವಾ?” ಎಂದರು. “ಆವತ್ತಿಂದೇ. ನಿಮ್ಮ ಮಗಳು ಬರೆದಿದ್ದಳು. ಎಲ್ಲರಿಗಿಂತ ಕಿರಿಯರು ಅಂತ ಕೊನೇ ಸಾಲಲ್ಲಿ ಹಾಕಿದ್ದಳು. ಚೌಕಟ್ಟು ಚಿಕ್ಕದಾದ್ರೆ ಕೊನೇ ಸಾಲು ಕಾಣಲ್ಲ, ಅಚ್ಚಿಗೂ ಬರಲ್ಲ. ದೇವರ ಚಿತ್ರ ದೊಡ್ಡದು ಮಾಡಕ್ಕೆ ಹೋಗಿ ಚೌಕಟ್ಟನ್ನ ಕುಗ್ಗಿಸಿದ್ದು ನಾನು ಗೌಡ್ರೇ. ತಪ್ಪು ನಂದು,” ಎಂದರು ಮೇಷ್ಟ್ರು.

ಆ ಕ್ಷಣಕ್ಕೆ ನನಗೆಲ್ಲ ನೆನಪಾಯಿತು. ಅಮ್ಮ ಬಂದು ರಂಗನಾಥಸ್ವಾಮಿ ಇಷ್ಟೇ ಇಷ್ಟು ಕಾಣ್ತಾನಲ್ಲೇ ಎಂದದ್ದು, ನಾನು ಆತುರದಲ್ಲಿ ಚಿತ್ರವನ್ನು ಹಿಗ್ಗಿಸಿ ಹೆಸರಿನ ಚೌಕಟ್ಟನ್ನು ಕೆಳಕ್ಕೆ ಒತ್ತಿ ಕುಗ್ಗಿಸಿದ್ದು. ಮೇಷ್ಟ್ರು ಆ ದಿನ ಊರಲ್ಲೇ ಇರಲಿಲ್ಲ! ಬಾಯಿ ತೆರೆದೆ. ಮೇಷ್ಟ್ರು ನನ್ನ ಕಡೆ ಒಂದು ನೋಟ ನೋಡಿದರು, ತಪ್ಪು ಬೆರಳು ಇಟ್ಟಾಗ ನೋಡುತ್ತಿದ್ದರಲ್ಲ, ಅದೇ ನೋಟ. ಸುಮ್ಮನಾದೆ.

ಚಿಕ್ಕಪ್ಪ ಆ ಸಾಲಿನ ಮೇಲೆ ಬೆರಳಾಡಿಸಿದರು. ಟವೆಲಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, “ಎಂಟೊರ್ಸ ಇದ್ರೊಳ್ಗೇ ಇದ್ನಲ್ಲವ್ವಾ ನಾನು…” ಎಂದರು. ಅಷ್ಟೇ. ನಾನು ಅವರ ಕೈ ಹಿಡಿದುಕೊಂಡು ಅತ್ತೆ. ಈ ಸಲ ಮೇಷ್ಟ್ರು ಅಳಬೇಡ ಎನ್ನಲಿಲ್ಲ. ಆ ಹಳೆಯ ಪತ್ರಿಕೆಯನ್ನು, ಹೆಸರು ಕಾಣುವ ಹಾಗೆ, ಒಂದು ಪ್ರತಿ ಪ್ರಿಂಟ್ ತೆಗೆದು ಚಿಕ್ಕಪ್ಪನ ಕೈಗೆ ಕೊಟ್ಟರು.

ತಂಗಿಯ ಧಾರೆಯಲ್ಲಿ ಚಿಕ್ಕಪ್ಪ ಅಪ್ಪನ ಪಕ್ಕದಲ್ಲೇ ನಿಂತಿದ್ದರು. ಬಡಿಸುವವರ ಮೇಲೆ ಅಪ್ಪನಿಗಿಂತ ಜೋರಾಗಿ ಕೂಗಾಡಿದರು. ಮದುವೆಯ ಮಾರನೆಯ ವಾರ ತವರಿಗೆ ಹೋದಾಗ ಬೇಲಿಯ ಹತ್ತಿರ ಒಂದು ಗರಿಯೂ ಇರಲಿಲ್ಲ. ನಡುವೆ ಒಂದು ಆಳು ದಾಟುವಷ್ಟು ಜಾಗವನ್ನು ಯಾರೋ ಬಿಡಿಸಿದ್ದರು.

ಮೇಷ್ಟ್ರಿಗೆ ಆ ಸುಳ್ಳಿನ ಬಗ್ಗೆ ಕೇಳಬೇಕು ಎಂದು ಎಷ್ಟು ಸಲ ಅಂದುಕೊಂಡೆನೋ. ಆಚೆ ವಾರ, ಈಚೆ ವಾರ ಎಂದು ವರ್ಷಗಳಾದವು. ಟೈಪಿಂಗ್ ಕಲಿಯುವವರು ಕಮ್ಮಿಯಾಗಿ ಇನ್‌ಸ್ಟಿಟ್ಯೂಟು ಮುಚ್ಚಿತು. ಲಾಕ್ ಇನ್ನು ನನಗೇಕೆಂದು ವಾಪಸ್ಸು ಕೊಡಲು ಹೋದಾಗ, “ಇಟ್ಕೋ, ಬೀಜದ ಕಾಯಿ,” ಎಂದಿದ್ದರು. ಅದೇ ಕೊನೆಯ ಭೇಟಿ. ಅವರು ಹೋದರೆಂದು ನನಗೆ ತಿಳಿದದ್ದು ಹದಿಮೂರನೆಯ ದಿನ ಕಳೆದ ಮೇಲೆ. ಮಂಡಿಯ ಮೇಲಿನ ಆ ಕೋಣೆಯಲ್ಲಿ ಈಗ ಖಾಲಿ ಚೀಲಗಳನ್ನು ಒಟ್ಟಿದ್ದಾರೆ.

ಲಾಕ್ ಸಿಕ್ಕ ದಿನ ತಡೆಯಲಾರದೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ವಯಸ್ಸಾಗಿದೆ, ಕಿವಿ ಮಂದ. ಕೂಗಿ ಹೇಳಿದೆ, “ಚಿಕ್ಕಪ್ಪ, ಆವತ್ತು ಚೌಕಟ್ಟು ಕುಗ್ಗಿಸಿದ್ದು ಮೇಷ್ಟ್ರಲ್ಲ, ನಾನು.”

ಆ ಕಡೆ ನಗು ಕೇಳಿಸಿತು. “ಗೊತ್ತಿತ್ತು ಬುಡವ್ವ. ಆವತ್ತು ನಿನ್ ಮುಖ ನೋಡಿದ್ರೆ ಎಂಥ ಕುರುಡ್ನಿಗೂ ಗೊತ್ತಾಗ್ತಿತ್ತು. ನನ್ ಹೆಸ್ರು ನೀನು ಬರ್ದಿದ್ಯಲ್ಲ, ನಂಗಷ್ಟ್ ಸಾಕಾಗಿತ್ತು. ಪಾಪ, ಮೇಷ್ಟ್ರು ಅಷ್ಟ್ ಚೆಂದಾಗಿ ಸುಳ್ಳೇಳ್ತಾವ್ರೆ, ಯಾಕ್ ಕೆಡಿಸ್ಲಿ ಅಂತ ಸುಮ್ಕಿದ್ದೆ.”

ನಗು ಬಂತು, ಜೊತೆಗೆ ಕಣ್ಣೀರೂ ಬಂತು. ಇಷ್ಟು ವರ್ಷ ಹೊತ್ತದ್ದು ಹಗುರಾಯಿತು. ಇದನ್ನು ಓಡಿ ಹೋಗಿ ಮೇಷ್ಟ್ರಿಗೆ ಹೇಳಬೇಕೆನಿಸಿ, ಚಪ್ಪಲಿಗೆ ಕಾಲು ತೂರಿಸಿದವಳು ಹಾಗೇ ನಿಂತೆ… ಲಾಕನ್ನು ಒರೆಸಿ ಒಂದು ಡಬ್ಬಿಯಲ್ಲಿಟ್ಟು, ಬೀರುವಿನ ಮೇಲೆ ಇಟ್ಟಿದ್ದೇನೆ. ಆಮೇಲೆ ಕೂತು, ಯಾಕೋ, ಈಗ ನಿಮಿಷಕ್ಕೆ ಎಷ್ಟು ಹೊಡೆಯುತ್ತೇನೆ ನೋಡೋಣವೆಂದು ಗಡಿಯಾರ ಇಟ್ಟುಕೊಂಡು ಟೈಪ್ ಮಾಡಿದೆ. ನಲವತ್ತೊಂದು ಬಂತು, ಒಂದೂ ತಪ್ಪಿಲ್ಲ. ಹೆಸರು ಬದಲಾಯಿಸಿ ಕರೆಯುವವರು ಇಲ್ಲ. ನಾನು ಮೂವತ್ತೆಂಟೇ.